ಹೊಸ ರೈಫಲ್, ಹಳೇ ತಪ್ಪು: ಸ್ಕೋಪ್ ಕೂರಿಸುವುದು ಹೇಗೆ?

ಗುಂಡು ಹೊಡೆಯುವ ರೇಂಜ್‌ಗೆ ಹೊಸ ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲೇ ಎಳೆದು ತಳ್ಳುವಂಥದ್ದು) ತಂದವರದ್ದು ಸಾಮಾನ್ಯವಾಗಿ ಒಂದೇ ಕಥೆ. ಐದು ಗುಂಡು ಹೊಡೆಯುತ್ತಾರೆ, ಐದೂ ಐದು ಕಡೆ. ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ಗುಂಡಿ ತಿರುಗಿಸಿ ಮತ್ತೆ ಐದು ಹೊಡೆಯುತ್ತಾರೆ. ಆಗಲೂ ಚದುರುತ್ತವೆ. ಕೊನೆಗೆ ‘ಬ್ಯಾರಲ್ಲೇ ಸರಿ ಇಲ್ಲ’ ಎಂದು ತೀರ್ಪು. ನಾನು ಗುಂಡು ತೆಗೆಸಿ, ಬೋಲ್ಟ್ ಈಚೆ ತೆಗೆಸಿ, ಸ್ಕೋಪನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡುತ್ತೇನೆ. ಎಷ್ಟೋ ಸಲ ಅದು ತನ್ನನ್ನು ಹಿಡಿದಿಡುವ ರಿಂಗ್ ಒಳಗೆ ಬಾಟಲಿ ಮುಚ್ಚಳದ ಹಾಗೆ ತಿರುಗುತ್ತದೆ.

ನಗುವ ಹಕ್ಕು ನನಗೂ ಇಲ್ಲ ಬಿಡಿ. ನನ್ನ ಮೊದಲ ರೈಫಲ್‌ನ ಬ್ಯಾರಲ್‌ಗೆ ಎರಡು ತಿಂಗಳು ಬೈದಿದ್ದೆ. ಕೊನೆಗೊಮ್ಮೆ ಸ್ಕೋಪ್ ಬಿಚ್ಚಿದರೆ ಕಪ್ಪು ಟ್ಯೂಬ್ ಮೇಲೆ ಬೆಳ್ಳಿ ಬಣ್ಣದ ಗೀರು. ಪ್ರತಿ ಗುಂಡಿಗೂ ಸ್ಕೋಪ್ ಕೂದಲೆಳೆಯಷ್ಟು ಜರುಗಿ ಜರುಗಿ ರಿಂಗ್ ಅದನ್ನು ಉಜ್ಜಿತ್ತು. ಬ್ಯಾರಲ್ ಪಾಪ, ಏನೂ ಮಾಡಿರಲಿಲ್ಲ.

ಈಚೆಗೆ 6.5 ಕ್ರೀಡ್‌ಮೂರ್ ಅನ್ನುವ ಗುಂಡಿನ ಅಳತೆಯಲ್ಲಿ ಹೊಸದೊಂದು ರೈಫಲ್ ತೆಗೆದುಕೊಂಡೆ. ಈ ಸಲ ಆತುರ ಪಡಲಿಲ್ಲ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಖಾಲಿ ಇದೆಯಾ ನೋಡಿ

ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಚೇಂಬರನ್ನು (ಗುಂಡು ಕೂರುವ ಜಾಗ) ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಕೆಲಸ ಮಾಡುವ ಮೇಜಿನ ಮೇಲೆ ಗುಂಡಿನ ಡಬ್ಬಿ ಇರಲೇಬಾರದು. ಇದರಲ್ಲಿ ಚರ್ಚೆ ಇಲ್ಲ.

2. ಬ್ಯಾರಲ್ ಒರೆಸಿ

ಕಾರ್ಖಾನೆಯಿಂದ ಬರುವಾಗ ಒಳಗೆ ಎಣ್ಣೆ ಹಚ್ಚಿರುತ್ತಾರೆ. ಅದು ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ್ದು, ಹೊಡೆಯುವುದಕ್ಕಲ್ಲ. ಕಡ್ಡಿಗೆ ಬಟ್ಟೆ ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ತಳ್ಳಿ. ಬಾಯಿಯ ಕಡೆಯಿಂದ ತೂರಿಸಬೇಡಿ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಆ ಬಾಯಿಯ ಅಂಚನ್ನು. ಅಲ್ಲಿ ಕಡ್ಡಿ ಉಜ್ಜಿ ಸವೆದರೆ ರೈಫಲ್ ಗುರಿ ಮರೆಯುತ್ತದೆ.

ಬೋಲ್ಟ್‌ನ ಲಗ್‌ಗಳ (ಬೋಲ್ಟನ್ನು ಬೀಗದಂತೆ ಹಿಡಿಯುವ ಉಬ್ಬುಗಳು) ಹಿಂಬದಿಗೆ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್ ಸಾಕು. ನನ್ನದು ಮೊದಲ ದಿನ ಮರಳು ಬಿದ್ದ ಹಾಗೆ ಗರಗರ ಅನ್ನುತ್ತಿತ್ತು. ಖಾಲಿ ರೈಫಲ್‌ನಲ್ಲಿ ಒಂದಿನ್ನೂರು ಸಲ ಎಳೆದು ತಳ್ಳಿದ ಮೇಲೆ ನಯವಾಯಿತು.

3. ಸ್ಟಾಕ್‌ನ ಸ್ಕ್ರೂಗಳು

ಸ್ಟಾಕ್ ಅಂದರೆ ಬ್ಯಾರಲ್ ಕೂತಿರುವ, ಭುಜಕ್ಕೆ ಒತ್ತಿ ಹಿಡಿಯುವ ಭಾಗ. ಹೊಸ ರೈಫಲ್, ಕಾರ್ಖಾನೆಯವರೇ ಬಿಗಿ ಮಾಡಿರುತ್ತಾರೆ ಅಂತ ನಂಬಬೇಡಿ. ನನ್ನದರಲ್ಲಿ ಹಿಂದಿನ ಸ್ಕ್ರೂ ಬೆರಳ ಬಲಕ್ಕೇ ತಿರುಗಿತು. ಎರಡನ್ನೂ ಸಡಿಲಿಸಿ, ರೈಫಲನ್ನು ಹಿಂಭಾಗದ ಮೇಲೆ ನೆಟ್ಟಗೆ ನಿಲ್ಲಿಸಿ. ಆಗ ಆ್ಯಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ತನ್ನ ಭಾರಕ್ಕೇ ಹಿಂದೆ ಸರಿದು ಜಾಗದಲ್ಲಿ ಕೂರುತ್ತದೆ. ಹಾಗೇ ಹಿಡಿದು ಮೊದಲು ಮುಂದಿನ ಸ್ಕ್ರೂ, ಆಮೇಲೆ ಹಿಂದಿನದು. ಅಲ್ಯೂಮಿನಿಯಂ ಚಾಸಿಗೆ (ಲೋಹದ ಸ್ಟಾಕ್) ಸಾಮಾನ್ಯವಾಗಿ 65 ಇಂಚ್-ಪೌಂಡ್ ಹೇಳುತ್ತಾರೆ, ಅಂದರೆ 7.3 ನ್ಯೂಟನ್ ಮೀಟರ್. ಮರದ ಸ್ಟಾಕ್‌ಗೆ ಅಷ್ಟು ಕೊಟ್ಟರೆ ಮರ ಅದುಮಿ ಹೋಗುತ್ತದೆ. ನಿಮ್ಮ ರೈಫಲ್‌ನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆ ಮಾತು.

ಬಿಗಿ ಮಾಡಿದ ಮೇಲೆ ಒಂದು ಹಾಳೆಯನ್ನು ಬ್ಯಾರಲ್ ಮತ್ತು ಸ್ಟಾಕ್ ನಡುವೆ ತೂರಿಸಿ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಹಿಂದಿನವರೆಗೂ ಬಂದರೆ ಸರಿ.

ಟ್ರಿಗರ್ ಹಗುರ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಕೈಪಿಡಿ ಹೇಳಿದ ಮಿತಿಯೊಳಗೆ ಮಾಡಿಕೊಳ್ಳಿ. ಆಮೇಲೆ ಖಾಲಿ ರೈಫಲ್‌ನ ಬೋಲ್ಟನ್ನು ಜೋರಾಗಿ ಹಾಕಿ ನೋಡಿ. ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಟ್ಟು, ಸೇಫ್ಟಿ ತೆಗೆದೂ ನೋಡಿ. ತಾನಾಗಿ ಟಕ್ ಅಂದರೆ ತೀರಾ ಹಗುರ ಮಾಡಿದ್ದೀರಿ ಅಂತಲೇ ಅರ್ಥ. ಕೂಡಲೇ ವಾಪಸ್ ಹೆಚ್ಚಿಸಿ.

4. ಸ್ಕೋಪ್: ಇಲ್ಲಿ ಅರ್ಧ ದಿನ ಕೊಡಿ

ಕೆಲಸ ಕೆಡುವುದು ಇಲ್ಲೇ. ಮೊದಲು ಬೇಸ್, ಅಂದರೆ ರೈಫಲ್ ಮೇಲೆ ಕೂತು ರಿಂಗ್‌ಗಳನ್ನು ಹೊರುವ ಭಾಗ. ಸ್ಕ್ರೂ, ತೂತು, ಬೇಸ್‌ನ ಅಡಿ, ಎಲ್ಲದರ ಎಣ್ಣೆಯನ್ನೂ ಸ್ಪಿರಿಟ್‌ನಲ್ಲಿ ಒರೆಸಿ. ಬೇಸ್ ಬಿಗಿ ಮಾಡಿದ ಮೇಲೆ ಬೋಲ್ಟ್ ಹಾಕಿ ಎಳೆದು, ತಳ್ಳಿ, ಮುಚ್ಚಿ ನೋಡಿ. ಮೊದಲಿಲ್ಲದ ಬಿಗಿ ಈಗ ಬಂದಿದ್ದರೆ ಯಾವುದೋ ಸ್ಕ್ರೂ ಉದ್ದವಾಗಿ ಒಳಗೆ ಚುಚ್ಚುತ್ತಿದೆ. ದೂರದ ಗುರಿಗೆ ಹೊಡೆಯುವವರು 20 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಇಳಿಜಾರಿನ ಬೇಸ್ ತೆಗೆದುಕೊಳ್ಳಿ. ಸ್ಕೋಪನ್ನು ಮೇಲಕ್ಕೆ ತಿರುಗಿಸಲು ಅಷ್ಟು ಜಾಗ ಜಾಸ್ತಿ ಉಳಿಯುತ್ತದೆ. ಅದರ ದಪ್ಪ ಕಡೆ ಹಿಂದಕ್ಕಿರಬೇಕು. ತಿರುಗಾಮುರುಗಾ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ.

ರಿಂಗ್ ಕೊಳ್ಳುವಾಗ ಟ್ಯೂಬ್‌ನ ಅಳತೆ ನೋಡಿ. 1 ಇಂಚು, 30 ಮಿಲಿಮೀಟರ್, 34 ಮಿಲಿಮೀಟರ್, ಮೂರೂ ಬೇರೆ ಬೇರೆ. ಸ್ಕೋಪ್‌ಗೆ ದುಡ್ಡು ಸುರಿದು ರಿಂಗ್‌ನಲ್ಲಿ ಉಳಿಸುವವರ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಗ್ಗದ ರಿಂಗ್‌ಗಳ ಸ್ಕ್ರೂ ತಲೆ ಮೂರನೇ ಸಲಕ್ಕೆ ದುಂಡಗಾಗುತ್ತದೆ. ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು. ರಿಂಗ್ ಒಳಗೆ ಟೇಪ್ ಸುತ್ತಿ ಕೂರಿಸುವ ಉಪಾಯವಂತೂ ಬೇಡವೇ ಬೇಡ. ರಿಂಗ್‌ಗಳನ್ನು ಬೇಸ್ ಮೇಲಿಟ್ಟು ಮುಂದಕ್ಕೆ, ಬ್ಯಾರಲ್ ಕಡೆಗೆ ಒತ್ತಿ ಹಿಡಿದು ಬಿಗಿ ಮಾಡಿ. ರೈಫಲ್ ಹಿಂದಕ್ಕೆ ಒದೆಯುವಾಗ ಸ್ಕೋಪ್ ತನ್ನ ಭಾರಕ್ಕೆ ಅಲ್ಲೇ ನಿಲ್ಲಲು ನೋಡುತ್ತದೆ. ರಿಂಗ್‌ಗೆ ಮುಂದೆ ಸರಿಯಲು ಮೊದಲೇ ಜಾಗ ಇರಬಾರದು.

ಈಗ ಸ್ಕೋಪ್ ಇಟ್ಟು ಮೇಲಿನ ಪಟ್ಟಿಗಳನ್ನು ಸಡಿಲವಾಗಿ ಹಾಕಿ. ಜೂಮ್ ಪೂರ್ತಿ ಏರಿಸಿ. ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕ್ ಮೇಲೆ ಆರಾಮಾಗಿ ಇಟ್ಟು, ಆಮೇಲೆ ಕಣ್ಣು ಬಿಡಿ. ಚಿತ್ರ ಪೂರ್ತಿ ದುಂಡಗೆ ಕಂಡರೆ ಸರಿ. ಅಂಚಿನಲ್ಲಿ ಕಪ್ಪು ಕಂಡರೆ ಸ್ಕೋಪನ್ನು ಹಿಂದೆ ಮುಂದೆ ಜರುಗಿಸಿ. ಕತ್ತನ್ನು ಜರುಗಿಸಬೇಡಿ. ನೀವು ಮಲಗಿ ಹೊಡೆಯುವವರಾದರೆ ನೆಲದ ಮೇಲೆ ಮಲಗಿಯೇ ಇದನ್ನು ಮಾಡಬೇಕು. ಕೂತಾಗ ಕಣ್ಣು ಇರುವ ಜಾಗ ಬೇರೆ, ಮಲಗಿದಾಗ ಬೇರೆ. ಜೊತೆಗೆ ಖಾಲಿ ಗೋಡೆಯ ಕಡೆ ನೋಡುತ್ತಾ ಕಣ್ಣಿನ ಬಳಿಯ ಉಂಗುರ ತಿರುಗಿಸಿ, ಒಳಗಿನ ಗೆರೆ ಚೂಪಾಗಿ ಕಾಣುವಂತೆ ಮಾಡಿಕೊಳ್ಳಿ.

ಆಮೇಲೆ ಗೆರೆ ನೆಟ್ಟಗೆ ಮಾಡುವುದು. ಎಲ್ಲರೂ ಅವಸರ ಮಾಡುವ ಜಾಗ ಇದು. ಸಣ್ಣ ರಸಮಟ್ಟ ತಂದು ಸ್ಕೋಪಿನ ಮೇಲಿನ ಮುಚ್ಚಳದ ಮೇಲಿಟ್ಟು ‘ಆಯ್ತು’ ಅಂದುಬಿಡುತ್ತಾರೆ. ಮುಚ್ಚಳ ನೇರ ಇದ್ದ ಮಾತ್ರಕ್ಕೆ ಒಳಗಿನ ಗೆರೆಯೂ ನೇರ ಇರಬೇಕೆಂದೇನೂ ಇಲ್ಲ. ಗುರಿ ಇಡುವುದು ಗೆರೆಯಿಂದ, ಮುಚ್ಚಳದಿಂದ ಅಲ್ವಲ್ಲ?

ನಾನು ಮಾಡುವುದು ಹೀಗೆ. ದಪ್ಪ ದಾರಕ್ಕೆ ಭಾರದ ನಟ್ಟು ಕಟ್ಟಿ, ಸ್ಕೋಪ್‌ನಲ್ಲಿ ಸ್ಪಷ್ಟವಾಗಿ ಕಾಣುವಷ್ಟು ದೂರದಲ್ಲಿ ನೇತುಹಾಕುತ್ತೇನೆ. ನಟ್ಟು ಒಂದು ಬೋಗುಣಿ ನೀರಿನಲ್ಲಿ ಮುಳುಗಿರಬೇಕು. ಇಲ್ಲದಿದ್ದರೆ ಗಾಳಿಗೆ ಆಡುತ್ತಲೇ ಇರುತ್ತದೆ. ರೈಫಲನ್ನು ಅಲ್ಲಾಡದ ಹಾಗೆ ಮೂಟೆ ಕೊಟ್ಟು ಇಟ್ಟು, ರಸಮಟ್ಟವನ್ನು ಬೇಸ್‌ನ ಚಪ್ಪಟೆ ಜಾಗದಲ್ಲಿಟ್ಟು ಅದನ್ನು ಸಮ ಮಾಡಿಕೊಳ್ಳುತ್ತೇನೆ. ಆಮೇಲೆ ಸ್ಕೋಪ್‌ನಲ್ಲಿ ನೋಡುತ್ತಾ, ಉದ್ದ ಗೆರೆ ದಾರದ ಮೇಲೆ ಸರಿಯಾಗಿ ಕೂರುವ ತನಕ ಟ್ಯೂಬನ್ನು ತಿರುಗಿಸುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ, ಗೆರೆ 3 ಡಿಗ್ರಿ ವಾಲಿದ್ದರೆ 100 ಮೀಟರ್‌ನಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ದೂರಕ್ಕೆಂದು 10 ಮಿಲ್ (ಒಂದು ಮಿಲ್ ಅಂದರೆ 1000 ಮೀಟರ್‌ನಲ್ಲಿ 1 ಮೀಟರ್ ಆಗುವ ಕೋನ) ಮೇಲಕ್ಕೆ ತಿರುಗಿಸಿದಿರಿ ಅಂತಿಟ್ಟುಕೊಳ್ಳಿ. ಅದರ ಜೊತೆ ಅರ್ಧ ಮಿಲ್ ಪಕ್ಕಕ್ಕೂ ಹೋಗಿರುತ್ತದೆ. 1000 ಮೀಟರ್‌ನಲ್ಲಿ ಅದು ಅರ್ಧ ಮೀಟರ್. ಆಗ ನೀವು ಬೈಯುವುದು ಗಾಳಿಗೆ.

ಇನ್ನು ಬಿಗಿ ಮಾಡುವುದು. ಮೇಲಿನ ಪಟ್ಟಿಯ ಸ್ಕ್ರೂಗಳನ್ನು ಒಂದು ಬದಿ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿಗೆ ಹೋದರೆ, ಅಷ್ಟು ಹೊತ್ತು ನೇರ ಮಾಡಿದ ಗೆರೆ ಕಣ್ಣೆದುರೇ ವಾಲುತ್ತದೆ. ಎದುರುಬದುರು ಸ್ಕ್ರೂಗಳನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ. ಎರಡೂ ಬದಿಯ ಸಂದು ಒಂದೇ ಸಮ ಉಳಿಯಬೇಕು. ನಡುನಡುವೆ ದಾರ ನೋಡಿ. ಕೊನೆಯ ಬಿಗಿ ಟಾರ್ಕ್ ಡ್ರೈವರ್‌ನಲ್ಲೇ (ಬಿಗಿಯ ಬಲ ಅಳೆಯುವ ಸ್ಕ್ರೂಡ್ರೈವರ್) ಆಗಬೇಕು. ಹೆಚ್ಚಿನ ರಿಂಗ್‌ಗಳಿಗೆ 15ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 1.7ರಿಂದ 2 ನ್ಯೂಟನ್ ಮೀಟರ್. ಇದು ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ. ‘ನನ್ನ ಕೈಗೆ ಗೊತ್ತಾಗುತ್ತೆ’ ಅನ್ನುವವರ ಕೈ ಟ್ಯೂಬನ್ನು ಅಮುಕಿ, ಜೂಮ್ ಉಂಗುರ ತಿರುಗದ ಹಾಗೆ ಮಾಡಿದ್ದನ್ನು ಕಂಡಿದ್ದೇನೆ.

ಸ್ಕ್ರೂ ಅಂಟು ಹಾಕಬೇಕಾ? ಬೇಸ್‌ನ ಸ್ಕ್ರೂಗೆ ನೀಲಿಯದು ಒಂದು ಹನಿ, ಬೇಕಿದ್ದರೆ. ರಿಂಗ್‌ನ ಪಟ್ಟಿಗೆ ನಾನು ಹಾಕುವುದಿಲ್ಲ. ಹಸಿ ಅಂಟು ಎಣ್ಣೆಯ ಹಾಗೆ ಜಾರುತ್ತದೆ, ಅದೇ ಟಾರ್ಕ್‌ಗೆ ಸ್ಕ್ರೂ ಜಾಸ್ತಿ ಬಿಗಿಯಾಗುತ್ತದೆ. ಕೆಂಪು ಅಂಟನ್ನಂತೂ ಹತ್ತಿರವೂ ತರಬೇಡಿ. ಅದನ್ನು ಬಿಡಿಸಲು ಬಿಸಿ ಕೊಡಬೇಕಾಗುತ್ತದೆ. ಅದರ ಬದಲು ಸ್ಕ್ರೂ ತಲೆಯಿಂದ ರಿಂಗ್‌ವರೆಗೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ರಿಂಗ್‌ನಿಂದ ಟ್ಯೂಬ್‌ಗೂ ಒಂದು. ಏನಾದರೂ ಜರುಗಿದರೆ ಗೆರೆ ಮುರಿದು ತೋರಿಸುತ್ತದೆ.

5. ಕಣ್ಣಳತೆಗೆ ಹೊಂದಿಸುವುದು

ಲೇಸರ್ ಪಾಯಿಂಟರ್ ಕೊಳ್ಳಬೇಡಿ. ಬೋಲ್ಟ್ ತೆಗೆದು, ರೈಫಲನ್ನು ಮೂಟೆ ಮೇಲೆ ಅಲ್ಲಾಡದ ಹಾಗೆ ಇಟ್ಟು, ಹಿಂದಿನಿಂದ ಬ್ಯಾರಲ್ ಒಳಗೇ ನೋಡಿ 25 ಮೀಟರ್ ದೂರದ ಗುರಿಯನ್ನು ನಡುವಿಗೆ ತನ್ನಿ. ಆಮೇಲೆ ರೈಫಲ್ ಮುಟ್ಟದೆ, ಸ್ಕೋಪಿನ ಗೆರೆಯನ್ನು ಅದೇ ಗುರಿಗೆ ತಿರುಗಿಸಿ. ಮೊದಲ ಗುಂಡು ಕಾಗದಕ್ಕೆ ಬೀಳಲು ಇಷ್ಟು ಸಾಕು.

6. ಜೀರೋ ಮಾಡುವುದು

ಗೆರೆ ಇಟ್ಟ ಕಡೆಗೇ ಗುಂಡು ಬೀಳುವಂತೆ ಮಾಡುವುದೇ ಜೀರೋ. 25 ಮೀಟರ್‌ನಲ್ಲಿ ಒಂದೆರಡು ಹೊಡೆದು ಕಾಗದದ ನಡುವಿನ ಹತ್ತಿರಕ್ಕೆ ತನ್ನಿ. ಆಮೇಲೆ 100 ಮೀಟರ್‌ಗೆ ಹೋಗಿ. ಪ್ಯಾರಲಾಕ್ಸ್ ಗುಂಡಿಯನ್ನೂ ಸರಿ ಮಾಡಿಕೊಳ್ಳಿ. ತಲೆ ಸ್ವಲ್ಪ ಆಡಿಸಿದಾಗ ಗೆರೆ ಗುರಿಯ ಮೇಲೆ ಈಜಾಡಬಾರದು.

ಇಲ್ಲಿ ಒಂದೇ ನಿಯಮ. ಒಂದು ಗುಂಡು ಹೊಡೆದು ಗುಂಡಿ ತಿರುಗಿಸಬೇಡಿ. ಅದು ನೆರಳಿನ ಹಿಂದೆ ಓಡಿದ ಹಾಗೆ. ಕೆಲವರು ಮೂರು ಸಾಕು ಅನ್ನುತ್ತಾರೆ, ನಾನು ಐದು ಹೊಡೆಯುತ್ತೇನೆ. ಐದರ ನಡುವಿನ ಬಿಂದು ಹುಡುಕಿ, ಅಲ್ಲಿಂದ ಗುರಿಗೆ ಎಷ್ಟು ಅಂತ ಅಳೆಯಿರಿ. 0.1 ಮಿಲ್‌ನ ಸ್ಕೋಪ್ ಆದರೆ 100 ಮೀಟರ್‌ನಲ್ಲಿ ಒಂದು ಕ್ಲಿಕ್‌ಗೆ 1 ಸೆಂಟಿಮೀಟರ್. ಕಾಲು ಎಂಒಎ ಆದರೆ ಸುಮಾರು 7 ಮಿಲಿಮೀಟರ್. 4 ಸೆಂಟಿಮೀಟರ್ ಕೆಳಗಿದ್ದರೆ ನಾಲ್ಕು ಕ್ಲಿಕ್ ಮೇಲೆ, ಮುಗಿಯಿತು. ಐದೈದಕ್ಕೂ ಬ್ಯಾರಲ್ ತಣಿಯಲು ಬಿಡಿ. ಕಾದ ಬ್ಯಾರಲ್ ಮೇಲಿಂದ ಏಳುವ ಬಿಸಿಗಾಳಿಗೆ ಸ್ಕೋಪ್‌ನಲ್ಲಿ ಗುರಿಯೇ ಕುಣಿಯುತ್ತದೆ.

ಬ್ಯಾರಲ್ ಪಳಗಿಸಲು ಪ್ರತಿ ಗುಂಡಿಗೂ ಒರೆಸಬೇಕು ಅನ್ನುವವರಿದ್ದಾರೆ, ಏನೂ ಬೇಡ ಅನ್ನುವವರೂ ಇದ್ದಾರೆ. ನಾನು ಮೊದಲ ದಿನ 20 ಹೊಡೆದು ಒಮ್ಮೆ ಒರೆಸಿದೆ, ಅಷ್ಟೇ.

ಜೀರೋ ಆದ ಮೇಲೆ ಗುಂಡಿಯ ಮೇಲಿನ ಅಂಕಿಪಟ್ಟಿ ಸಡಿಲಿಸಿ 0ಗೆ ತಂದು ಬಿಗಿ ಮಾಡಿ. ಜೀರೋ ಸ್ಟಾಪ್ (ಗುಂಡಿ 0ಗಿಂತ ಕೆಳಗೆ ತಿರುಗದ ಹಾಗೆ ತಡೆಯುವುದು) ಇದ್ದರೆ ಅದನ್ನೂ ಹಾಕಿ. ಮನೆಗೆ ಬಂದು ಉಗುರುಬಣ್ಣದ ಗೆರೆಗಳನ್ನು ನೋಡಿ. ನೇರ ಇದ್ದರೆ ಸ್ಕ್ರೂ ಮುಟ್ಟಬೇಡಿ. ‘ಇನ್ನೊಂಚೂರು ಬಿಗಿ ಮಾಡೋಣ’ ಅಂತ ಕೈ ತುರಿಸುತ್ತದೆ. ಟಾರ್ಕ್ ಡ್ರೈವರ್ ಬೀರುವಿನಲ್ಲಿಟ್ಟು ಬೀಗ ಹಾಕಿ.