ಎಲ್‌ಎನ್‌ಕ್ಯಾಪ್ ಕೋಶಗಳು ಕೊನೆಗೂ ಪ್ಲೇಟ್‌ನಲ್ಲೇ ನಿಂತವು

ಎಲ್‌ಎನ್‌ಕ್ಯಾಪ್ ಎಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು; ಅವುಗಳ ಮೇಲ್ಮೈಯಲ್ಲಿ ಪಿಎಸ್‌ಎಂಎ ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ಅಂಟುವ ಅಣುವಿಗೆ, ಅಂದರೆ ಲಿಗ್ಯಾಂಡ್‌ಗೆ, ವಿಕಿರಣ ಸೂಸುವ ಗ್ಯಾಲಿಯಂ-68 ಹಚ್ಚಿದಾಗ ಅದು ಕೋಶದ ಮೇಲೇ ಕೂತಿದೆಯೋ, ಒಳಗೆ ಹೋಗಿದೆಯೋ ಎಂದು ಅಳೆಯಬೇಕಿತ್ತು. ಪ್ಲೇಟ್‌ನಲ್ಲಿ ಆಗದು, ತೊಳೆದರೆ ಕೋಶಗಳೇ ಎದ್ದುಹೋಗುತ್ತವೆ, ಟ್ಯೂಬಿನಲ್ಲೇ ಮಾಡಿ ಎಂದವರೇ ಎಲ್ಲ. ಈಗ ಒಂದೇ ಬಗೆಯ ಜೊತೆ ವೆಲ್‌ಗಳ (ಪ್ಲೇಟ್‌ನ ಗುಳಿಗಳ) ವಿಕಿರಣ ಎಣಿಕೆ ಹೆಚ್ಚುಕಡಿಮೆ ಶೇ. 10ರೊಳಗೆ ಹೊಂದುತ್ತಿದೆ.

ಲೇಪಿಸಿದ ಪ್ಲೇಟ್ ಕೊಳ್ಳುವುದು ದುಡ್ಡಿಗೆ ದಂಡ. ಕೋಶಗಳನ್ನು ಪ್ಲೇಟ್‌ಗೆ ಅಂಟಿಸಿ ಹಿಡಿಯುವ ಪಾಲಿ-ಎಲ್-ಲೈಸಿನ್, ಶೇ. 0.01ರದ್ದು, ವೆಲ್‌ಗೆ 250 ಮೈಕ್ರೋಲೀಟರ್, 20 ನಿಮಿಷ, ಎರಡು ಸಲ ನೀರು, ಪೂರ್ತಿ ಒಣಗಬೇಕು. ಸರಿಯಾಗಿ ತೊಳೆಯದಿದ್ದರೆ ಅದೇ ಕೋಶಗಳಿಗೆ ವಿಷ. ವೆಲ್‌ಗೆ ಒಂದು ಲಕ್ಷ ಕೋಶ. 24 ಗಂಟೆ ಸಾಕೆನ್ನುತ್ತಾರೆ; ನಾನು 48 ಬಿಡುತ್ತೇನೆ, ಇವು ನಿಧಾನಕ್ಕೆ ಅಂಟುವ ಕೋಶಗಳು.

ಲಿಗ್ಯಾಂಡ್ 30 ನ್ಯಾನೋಮೋಲಾರ್, 45 ನಿಮಿಷ, ಒಂದು ಪ್ಲೇಟ್ 37 ಡಿಗ್ರಿಯಲ್ಲಿ, ಇನ್ನೊಂದು ಐಸ್ ಮೇಲೆ; ತಣ್ಣಗಿದ್ದರೆ ಕೋಶ ಲಿಗ್ಯಾಂಡನ್ನು ಒಳಗೆಳೆದುಕೊಳ್ಳುವುದು ಬಹುತೇಕ ನಿಲ್ಲುತ್ತದೆ. ಎರಡರಲ್ಲೂ ಕೆಲವು ವೆಲ್‌ಗೆ 500 ಮೈಕ್ರೋಮೋಲಾರ್ 2-ಪಿಎಂಪಿಎ, ಅಂದರೆ ಪಿಎಸ್‌ಎಂಎಗೆ ಲಿಗ್ಯಾಂಡ್ ಅಂಟದಂತೆ ತಡೆಯುವ ವಸ್ತು. ಪ್ಲಾಸ್ಟಿಕ್‌ಗೆ ಮೆತ್ತಿದ ಬಿಡಿ ಗ್ಯಾಲಿಯಂ ಅಲ್ಲೇ ಬಯಲಾಗುತ್ತದೆ. ಹೋಲಿಕೆಗೆ ಪಿಎಸ್‌ಎಂಎ ಇಲ್ಲದ ಪಿಸಿ-3 ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನೂ ಬಿಡಬೇಡಿ. ಆಮೇಲೆ ತೊಳೆಯಲು ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) 1 ಮಿಲಿಲೀಟರ್, ಮೂರು ಸಲ, ಪಿಪೆಟ್ ತುದಿ ವೆಲ್‌ನ ಗೋಡೆಗೆ ತಾಗಿಸಿ. 37ರಿಂದ ಐಸ್‌ಗೆ ತರುವಾಗಿನ ಕೈಚಳಕ ಸದ್ಯ ನನ್ನಲ್ಲೇ ಇರಲಿ.

ನನ್ನ ಪ್ಲೇಟ್‌ಗಳು ಹೆಚ್ಚಾಗಿ ಕೆಟ್ಟದ್ದು ಆಮ್ಲದ ಹಂತದಲ್ಲಿ. ಮೇಲ್ಮೈಯಲ್ಲಿದ್ದುದನ್ನು ಬಿಡಿಸಲು 50 ಮಿಲಿಮೋಲಾರ್ ಗ್ಲೈಸಿನ್, ಪಿಎಚ್ 2.8, ಅರ್ಧ ಮಿಲಿಲೀಟರ್, ಐದೈದು ನಿಮಿಷ ಎರಡು ಸಲ. ಸಮಯ ಮೀರಿದರೆ ಕೋಶವೂ ಕಿತ್ತು ಬರುತ್ತದೆ, ಒಳಗಿನದ್ದು ಮೇಲಿನದ್ದಾಗಿ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಐದಾರು ಪ್ಲೇಟ್ ಹೋದವು. ಪ್ರತಿ ಸಲ ಲಿಗ್ಯಾಂಡ್, ಒಂದು ವಾರದ ಕಲ್ಚರ್, ಜನರೇಟರಿನಿಂದ ಒಂದು ಸಲ ತೆಗೆದ ಗ್ಯಾಲಿಯಂ (ಎಲ್ಯೂಷನ್) ಮಣ್ಣುಪಾಲು. ಜನರೇಟರಿನಲ್ಲಿ ಗ್ಯಾಲಿಯಂ ಹುಟ್ಟಿಸುವ ಜರ್ಮೇನಿಯಂ-68ರ ಅರ್ಧಾಯು 271 ದಿನ, ಬಳಸದಿದ್ದರೂ ಜನರೇಟರ್ ಸವೆಯುತ್ತಲೇ ಇರುತ್ತದೆ. ಈಗ ಆಮ್ಲದ ದ್ರವವನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ತಳಕ್ಕಿಳಿದದ್ದನ್ನು ಎಣಿಸುತ್ತೇನೆ. ಎಣಿಕೆ ಬಂದರೆ ಆ ವೆಲ್ ಕೈಬಿಟ್ಟಂತೆ. ಉಳಿದ ವೆಲ್‌ಗಳಲ್ಲಿ ಕೋಶ ಕರಗಿಸಿ ಒಳಗಿನದ್ದನ್ನು ಎಣಿಸಲು 0.3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್.

ಟ್ಯೂಬಿಗೆ ಒಂದು ನಿಮಿಷದಂತೆ 48 ಟ್ಯೂಬ್ ಎಣಿಸುವಷ್ಟರಲ್ಲಿ 68 ನಿಮಿಷ ಅರ್ಧಾಯುವಿನ ಗ್ಯಾಲಿಯಂ ಶೇ. 61ಕ್ಕೆ ಇಳಿದಿರುತ್ತದೆ. ಎಲ್ಲವನ್ನೂ ಒಂದೇ ಗಳಿಗೆಗೆ ಸರಿಪಡಿಸದಿದ್ದರೆ ಮೊದಲ ಸಾಲು ಸುಮ್ಮನೆ ಗೆದ್ದಂತೆ ಕಾಣುತ್ತದೆ.

ನಡುವೆ ಕೋಶ ಬೆಳೆಸುವ ಸೀರಂ ಬದಲಿಸಿ, ಇದ್ದಿಲಿನಿಂದ ಆಂಡ್ರೋಜನ್ (ಪುರುಷ ಹಾರ್ಮೋನ್) ತೆಗೆದದ್ದನ್ನೂ ಹಾಕಿ ನೋಡಿದೆ. ಪಿಎಸ್‌ಎಂಎ ಏರಿತು, ಕೋಶಗಳ ಸಂಖ್ಯೆ ಇಳಿಯಿತು. ವೆಲ್ ಲೆಕ್ಕದಲ್ಲಿ ಏನೂ ಕಾಣಲಿಲ್ಲ. ಹತ್ತು ಲಕ್ಷ ಕೋಶಕ್ಕೆ ಭಾಗಿಸಿದಾಗ ಏರಿಕೆ ಸ್ಪಷ್ಟ. ಅಂದಿನಿಂದ ಪ್ರತಿ ಪ್ಲೇಟ್‌ನಲ್ಲೂ ಮೂರು ವೆಲ್ ಕೋಶ ಎಣಿಸಲೆಂದೇ ಮೀಸಲು.