ಕಚೇರಿಗೆ ನೆಟ್‌ವರ್ಕ್ ಸ್ವಿಚ್: ಪೋರ್ಟ್ ಎಣಿಸಿ, ವ್ಯಾಟ್ ಕೂಡಿಸಿ, ಆಮೇಲೆ ಬ್ರ್ಯಾಂಡ್ ನೋಡಿ

ಕಚೇರಿಯ ಕಂಪ್ಯೂಟರ್, ಪ್ರಿಂಟರ್‌ಗಳನ್ನೆಲ್ಲ ಕೇಬಲಿನಿಂದ ಒಂದಕ್ಕೊಂದು ಜೋಡಿಸುವ ಡಬ್ಬವೇ ನೆಟ್‌ವರ್ಕ್ ಸ್ವಿಚ್; ಅದರಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯೇ ಪೋರ್ಟ್. ಕಂಪ್ಯೂಟರ್ ಅಂಗಡಿಗೆ ಹೋಗಿ ‘ಆಫೀಸಿಗೊಂದು ಸ್ವಿಚ್ ಬೇಕು’ ಎಂದರೆ ಬರುವ ಮರುಪ್ರಶ್ನೆ ಒಂದೇ: ‘ಎಷ್ಟು ಪೋರ್ಟು?’ 24 ಎಂದ ಕೂಡಲೇ ಒಂದು ಡಬ್ಬ ಮೇಜಿನ ಮೇಲೆ ಬಂದು ಕೂರುತ್ತದೆ. ಆದರೆ 24 ಪೋರ್ಟಿನವುಗಳಲ್ಲೇ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೆ ಬೆಲೆ ಇದೆ. ನಿಮಗೆ ಯಾವುದು ಬೇಕೆಂಬುದು ಅಂಗಡಿಗೆ ಹೋಗುವ ಮೊದಲೇ ಗೊತ್ತಿರಬೇಕು. ಲೆಕ್ಕಕ್ಕೆ ಸುಲಭವಾಗಲೆಂದು, 14 ಮಂದಿ ಕೂತು ಕೆಲಸ ಮಾಡುವ ಒಂದು ಆಡಿಟರ್ ಕಚೇರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಹಂತ 1: ಎಣಿಸಿ

ಕೇಬಲ್ ಸಿಕ್ಕಿಸಬೇಕಾದ ಪ್ರತಿಯೊಂದನ್ನೂ ಬರೆಯಿರಿ. 14 ಕಂಪ್ಯೂಟರ್, 2 ಪ್ರಿಂಟರ್, ಟ್ಯಾಲಿ ಇರುವ ಸರ್ವರ್, ಇಂಟರ್ನೆಟ್ ರೂಟರ್, ಬೆರಳಚ್ಚಿನ ಹಾಜರಾತಿ ಯಂತ್ರ: ಇಲ್ಲಿಗೆ 19. ಜೊತೆಗೆ 2 ವೈಫೈ ಆ್ಯಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ), 5 ಕ್ಯಾಮೆರಾ, ಅವುಗಳ ರೆಕಾರ್ಡರ್. ಒಟ್ಟು 27. ‘ಹಾಗಾದರೆ 48 ಪೋರ್ಟಿನದ್ದೇ ತಗೊಳ್ಳಿ’ ಎನ್ನುವವರು ಸಿಗುತ್ತಾರೆ. ಆತುರ ಬೇಡ, ಇನ್ನೊಂದು ಲೆಕ್ಕ ಬಾಕಿ ಇದೆ.

ಹಂತ 2: ವ್ಯಾಟ್ ಕೂಡಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಮೆರಾ, ಆ್ಯಕ್ಸೆಸ್ ಪಾಯಿಂಟ್‌ಗಳಿಗೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆಗೆ ಪಿಒಇ ಎನ್ನುತ್ತಾರೆ. 2003ರ 802.3ಎಎಫ್ ಮಾನದಂಡದಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್, 2009ರ 802.3ಎಟಿಯಲ್ಲಿ 30 ವ್ಯಾಟ್. ಆದರೆ ಎಲ್ಲ ಪೋರ್ಟುಗಳೂ ಒಟ್ಟಿಗೆ ಅಷ್ಟು ಕೊಡುತ್ತವೆ ಎಂದುಕೊಳ್ಳಬೇಡಿ. ಇಡೀ ಸ್ವಿಚ್ಚಿಗೆ ಒಂದು ಮಿತಿ ಇರುತ್ತದೆ. ತಯಾರಕರು ಕೊಡುವ ವಿವರಪಟ್ಟಿಯಾದ ಡೇಟಾಶೀಟಿನಲ್ಲಿ ‘ಪಿಒಇ ಬಜೆಟ್’ ಎಂದು ಹುಡುಕಿದರೆ ಸಿಗುತ್ತದೆ.

ನಮ್ಮ ಕಚೇರಿಯಲ್ಲಿ ಒಂದೊಂದು ಕ್ಯಾಮೆರಾಗೆ ಹಗಲು 5 ವ್ಯಾಟ್, ಒಂದೊಂದು ಆ್ಯಕ್ಸೆಸ್ ಪಾಯಿಂಟಿಗೆ 13 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 51. 65 ವ್ಯಾಟ್ ಬಜೆಟ್ಟಿನ 8 ಪೋರ್ಟ್ ಸ್ವಿಚ್ ಧಾರಾಳವಾಗಿ ಸಾಕಲ್ಲವೇ? ಸಂಜೆ ಕತ್ತಲಾಗುತ್ತಿದ್ದಂತೆ ಕತ್ತಲಲ್ಲಿ ನೋಡಲು ಕ್ಯಾಮೆರಾಗಳಲ್ಲಿರುವ ಐಆರ್ (ಇನ್ಫ್ರಾರೆಡ್) ಲೈಟ್ ಹೊತ್ತಿಕೊಳ್ಳುತ್ತವೆ, 5 ವ್ಯಾಟಿನದ್ದು 8 ಆಗುತ್ತದೆ. ಈಗ ಒಟ್ಟು 66. ಯಾವುದೋ ಒಂದು ಕ್ಯಾಮೆರಾ ಆಫ್ ಆಗಿ, ಆನ್ ಆಗಿ, ಮತ್ತೆ ಆಫ್ ಆಗುತ್ತದೆ. ಬೆಳಿಗ್ಗೆ ತಂತ್ರಜ್ಞ ಬಂದು ನೋಡಿದರೆ ಎಲ್ಲವೂ ಸರಿ! ಹಾಗಾಗಿ ಡೇಟಾಶೀಟಿನ ಗರಿಷ್ಠ ವ್ಯಾಟ್ ಹಿಡಿದು ಕೂಡಿಸಿ, ಅದರ ಮೇಲೆ ಕಾಲು ಭಾಗವಾದರೂ ಹೆಚ್ಚು ಇಟ್ಟುಕೊಳ್ಳಿ. ಇಲ್ಲಿಗೆ 96 ಅಥವಾ 120 ವ್ಯಾಟಿನದ್ದು ಸರಿ. ‘ಪ್ಯಾಸಿವ್ ಪಿಒಇ’ ಎಂದು ಬರೆದಿದ್ದರೆ ದೂರವಿರಿ. ಅದು ಎದುರಿನ ಉಪಕರಣ ಯಾವುದೆಂದು ವಿಚಾರಿಸದೆ ಕರೆಂಟ್ ಹರಿಸುತ್ತದೆ, ಒಗ್ಗದ ಉಪಕರಣ ಸುಟ್ಟುಹೋಗಬಹುದು.

ಈಗ 48ರ ಗೊಡವೆಯೇ ಬೇಡವಾಯಿತು. 8 ಪಿಒಇ ಪೋರ್ಟ್, 2 ಅಪ್‌ಲಿಂಕ್ (ಇನ್ನೊಂದು ಸ್ವಿಚ್ಚಿಗೆ ಜೋಡಿಸುವ ಪೋರ್ಟ್) ಇರುವ ಚಿಕ್ಕ ಸ್ವಿಚ್ಚಿಗೆ ಕ್ಯಾಮೆರಾ, ಆ್ಯಕ್ಸೆಸ್ ಪಾಯಿಂಟ್, ರೆಕಾರ್ಡರ್. ಪಿಒಇ ಇಲ್ಲದ 24 ಪೋರ್ಟಿನದ್ದಕ್ಕೆ ಉಳಿದ 19. ಇವೆರಡನ್ನು ಜೋಡಿಸಲು ಒಂದು ಪೋರ್ಟ್ ಹೋದರೂ ದೊಡ್ಡದರಲ್ಲಿ 4 ಖಾಲಿ ಉಳಿಯುತ್ತವೆ.

ಹಂತ 3: ವೇಗ

‘ನಮ್ಮ ಇಂಟರ್ನೆಟ್ಟೇ 100 ಎಂಬಿಪಿಎಸ್, ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಏಕೆ?’ ಎಂದು ಕೇಳುವವರಿದ್ದಾರೆ. ಟ್ಯಾಲಿ ಡೇಟಾ, ಸ್ಕ್ಯಾನ್ ಮಾಡಿದ ಕಡತ, ಬ್ಯಾಕಪ್ ಓಡಾಡುವುದು ಕಚೇರಿಯ ಒಳಗೇ. 2 ಜಿಬಿ ಬ್ಯಾಕಪ್ಪಿಗೆ 100 ಎಂಬಿಪಿಎಸ್‌ನಲ್ಲಿ ಕಡಿಮೆಯೆಂದರೂ 160 ಸೆಕೆಂಡ್, ಗಿಗಾಬಿಟ್‌ನಲ್ಲಿ 16. 10 ಗಿಗಾಬಿಟ್ ಇಷ್ಟು ಚಿಕ್ಕ ಕಚೇರಿಗೆ ದುಂದು.

ಹಂತ 4: ಮ್ಯಾನೇಜ್ಡ್ ಬೇಕೇ?

ಅನ್‌ಮ್ಯಾನೇಜ್ಡ್ ಸ್ವಿಚ್ಚಿಗೆ ಸೆಟ್ಟಿಂಗ್ ಇಲ್ಲ, ಸಿಕ್ಕಿಸಿದರೆ ಆಯಿತು. ಐದಾರು ಕಂಪ್ಯೂಟರಿನ ಕಚೇರಿಗೆ ಅದೇ ಸಾಕು. ಆದರೆ ಕಕ್ಷಿದಾರರಿಗೆ ವೈಫೈ ಕೊಡುವ ಆಡಿಟರ್ ಕಚೇರಿಯಲ್ಲಿ ಅವರ ಮೊಬೈಲೂ ನಿಮ್ಮ ಟ್ಯಾಲಿ ಸರ್ವರೂ ಒಂದೇ ನೆಟ್‌ವರ್ಕಿನಲ್ಲಿರಬಾರದು. ಅದಕ್ಕೆ ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚಿನೊಳಗೆ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವ್ಯವಸ್ಥೆ ಬೇಕು. ಬ್ರೌಸರಿನಲ್ಲೇ ಸೆಟ್ಟಿಂಗ್ ಮಾಡಬಹುದಾದ ‘ಸ್ಮಾರ್ಟ್ ಮ್ಯಾನೇಜ್ಡ್’ ವರ್ಗ ಇದಕ್ಕೆ ಸಾಕು. ವೈಫೈ ಚಿಕ್ಕ ಸ್ವಿಚ್ಚಿನಿಂದ ಹೊರಡುವುದರಿಂದ ಎರಡೂ ಸ್ವಿಚ್ಚು ಆ ವರ್ಗದವೇ ಆಗಿರಬೇಕು, ರೂಟರಿಗೂ ವಿಲ್ಯಾನ್ ಗೊತ್ತಿರಬೇಕು. ರೂಟರಿನ ಕೆಲಸವನ್ನೂ ಮಾಡುವ ಲೇಯರ್ 3 ಸ್ವಿಚ್ ಮಾರಲು ಬಂದವರಿಗೆ ಚಹಾ ಕೊಟ್ಟು ಕಳಿಸಿ.

ಮ್ಯಾನೇಜ್ಡ್ ತೆಗೆದುಕೊಳ್ಳಲು ಇನ್ನೊಂದು ಕಾರಣವೂ ಇದೆ. ಕಸ ಗುಡಿಸುವಾಗ ಕೆಳಗೆ ಬಿದ್ದಿದ್ದ ಕೇಬಲಿನ ತುದಿಯನ್ನು ಯಾರೋ ಖಾಲಿ ಪೋರ್ಟಿಗೆ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿ! ಡೇಟಾ ಸುತ್ತಿ ಸುತ್ತಿ ಎರಡೇ ನಿಮಿಷದಲ್ಲಿ ಇಡೀ ಕಚೇರಿ ನಿಂತುಹೋಗುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದ್ದರು. ಕೊಳ್ಳುವ ಮಾದರಿಯಲ್ಲಿ ಅದು ಇದೆಯೇ ಎಂದು ನೋಡಿ, ತಂದ ಮೇಲೆ ಆನ್ ಮಾಡಿ.

ಹಂತ 5: ಗೋಡೆಯೊಳಗಿನ ಕೇಬಲ್

100 ಎಂಬಿಪಿಎಸ್‌ಗೆ ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕಿತ್ತು. ಆ ಧೈರ್ಯದಲ್ಲಿ ಒಂದೇ ಕೇಬಲನ್ನು ಸೀಳಿ ಎರಡು ಕಂಪ್ಯೂಟರಿಗೆ ಕೊಟ್ಟ ಹಳೆಯ ಕಚೇರಿಗಳು ಬೇಕಾದಷ್ಟಿವೆ. ಗಿಗಾಬಿಟ್‌ಗೆ ಎಂಟೂ ಬೇಕು. ಅಂಥ ಕಡೆ ಹೊಸ ಸ್ವಿಚ್ ಹಾಕಿದರೂ ವೇಗ ಹಳೆಯದೇ. ಹೊಸ ಕೇಬಲ್ ಎಳೆಸುವುದಾದರೆ ಒಂದು ತುಣುಕು ಕತ್ತರಿಸಿಕೊಂಡು ತಂತಿಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಪಿಒಇಗೆ ಅದು ಬೇಡವೇ ಬೇಡ, ಬಿಸಿಯಾಗುತ್ತದೆ. ಸ್ವಿಚ್ಚಿನಿಂದ ಉಪಕರಣದವರೆಗೆ 100 ಮೀಟರ್ ಮೀರಬಾರದು.

ಹಂತ 6: ಕೊಂಡ ಮೇಲೆ

ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಇದ್ದು ಸ್ವಿಚ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿದ್ದರೆ, ಕರೆಂಟ್ ಹೋದ ಕ್ಷಣ ಎಲ್ಲರ ಟ್ಯಾಲಿಯೂ ಸರ್ವರಿನಿಂದ ಕಡಿದುಹೋಗುತ್ತದೆ. ಸ್ವಿಚ್ಚನ್ನೂ ಯುಪಿಎಸ್‌ಗೆ ಸೇರಿಸಿ, ಪಿಒಇ ವ್ಯಾಟನ್ನು ಅದರ ಲೋಡಿಗೆ ಕೂಡಿಸಿ. ಫ್ಯಾನ್ ಇರುವ ಸ್ವಿಚ್ ಸದ್ದು ಮಾಡುತ್ತದೆ, ಮೇಜಿನ ಪಕ್ಕ ಬೇಡ. ಬಿಲ್ಲಿನಲ್ಲಿ ಮಾದರಿ ಮತ್ತು ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.

ಮೊದಲ ದಿನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ನಂತರ ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡುತ್ತ ಬನ್ನಿ. ಎಲ್ಲಿಯಾದರೂ 1000ದ ಬದಲು 100 ಎಂದು ತೋರಿಸಿದರೆ, ಕೇಬಲ್ ಎಳೆದವರ ಲೆಕ್ಕ ಚುಕ್ತಾ ಮಾಡುವ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ.