ಗುಬ್ಬಿಯ ಪಿಗ್ಮಿ ಲೆಕ್ಕ ಬಟವಾಡಿಯ ಫೋನಿನಲ್ಲಿ

ತುಮಕೂರಿನ ಒಂದು ಸಹಕಾರ ಸಂಘದ ಪಿಗ್ಮಿ ಆ್ಯಪ್ ನೋಡಿಕೊಳ್ಳುವುದು ನನ್ನ ಕೆಲಸ. ಏಜೆಂಟರು ಅಂಗಡಿ ಅಂಗಡಿ ಸುತ್ತಿ ಹಣ ಕಟ್ಟಿಸಿಕೊಳ್ಳುತ್ತಾರೆ. ಯಾರು ಎಷ್ಟು ಕಟ್ಟಿದರು ಎಂಬ ಲೆಕ್ಕ ಫೋನಿನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀ ಎಂಬ ಗುಟ್ಟಿನ ಸಂಖ್ಯೆಯಿಲ್ಲದೆ ಓದಲಾಗದಂತೆ, ಕೂತಿರುತ್ತದೆ. ಅದಕ್ಕೆಂದು ಹೊರಗಿನವರಿಂದ ಕೊಂಡ ಸೆಕ್ಯುರಿಟಿ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇತ್ತು. ಕೈಪಿಡಿಯಲ್ಲಿ ‘ಎಇಎಸ್ 256’ (256 ಬಿಟ್ ಉದ್ದದ ಕೀ ಬಳಸುವ ಎನ್‌ಕ್ರಿಪ್ಶನ್) ಎಂದು ಕಂಡಿದ್ದಕ್ಕೇ ನಾನು ನಂಬಿದ್ದೆ.

ಒಂದು ಸಂಜೆ ಬಟವಾಡಿ ಕಡೆಯ ಏಜೆಂಟ್ ಫೋನ್ ಮಾಡಿದರು. “ಸಾರ್, ಗುಬ್ಬಿಯವರ ಬ್ಯಾಕಪ್ ನನ್ನ ಫೋನಲ್ಲಿ ಓಪನ್ ಆಗ್ಬಿಡ್ತು. ಅವರ ಖಾತೆದಾರರ ಹೆಸರೆಲ್ಲ ಕಾಣ್ತಾ ಇದೆ.” ತಪ್ಪು ಫೈಲ್ ಒತ್ತಿದ್ದರು, ಅಷ್ಟೇ. ಆದರೆ ಅದು ತೆರೆಯಲೇಬಾರದಿತ್ತು. ವಿಚಾರಿಸಿದರೆ ಇಬ್ಬರದೂ ಹೊಸ ಫೋನ್, ಇಬ್ಬರ ಪಿನ್ನೂ 1234.

ರಾತ್ರಿ ಲೈಬ್ರರಿ ಬಿಚ್ಚಿ ನೋಡಿದೆ. ಕೀ ಹುಟ್ಟುವ ಜಾಗ ನಾಲ್ಕೇ ಸಾಲು: ಐಎಂಇಐ (ಫೋನಿನ ಗುರುತಿನ ಸಂಖ್ಯೆ) ತಗೊ, ಪಿನ್ ಅಂಟಿಸು, ಒಂದು ಸಲ ಎಸ್‌ಎಚ್‌ಎ-256 (ಕೊಟ್ಟದ್ದನ್ನು ಕಲಸಿ 256 ಬಿಟ್ ಮಾಡುವ ಸೂತ್ರ) ಹಾಕು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಮಾಮೂಲಿ ಆ್ಯಪ್‌ಗಳಿಗೆ ಐಎಂಇಐ ಸಿಗುವುದಿಲ್ಲ. ಸಿಗದಿದ್ದರೆ ಈ ಕೋಡ್ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಿತ್ತು. ಉಳಿದದ್ದು ನಾಲ್ಕಂಕಿಯ ಪಿನ್, ಅಂದರೆ ಬರೀ 10,000 ಕೀ. ನನ್ನದೇ ಬ್ಯಾಕಪ್ ಇಟ್ಟು ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಪ್ರಯತ್ನಿಸಿದೆ. ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಲೆಕ್ಕ ತೆರೆದುಕೊಂಡಿತು.

ಹಳೆಯ ಫೋನ್‌ಗಳೂ ಭದ್ರವೇನಲ್ಲ. ಐಎಂಇಐಯ 15 ಅಂಕಿಗಳಲ್ಲಿ ಮೊದಲ 8 ಫೋನಿನ ಮಾದರಿಯವು, ಕೊನೆಯದು ತಾಳೆ ನೋಡುವ ಅಂಕಿ. ಊಹಿಸಬೇಕಾದ್ದು ನಡುವಿನ 6 ಮಾತ್ರ. ಅದೂ ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ!

ಲೈಬ್ರರಿ ಮಾರಿದವರು “256 ಬಿಟ್ ಇದೆಯಲ್ಲ ಸಾರ್” ಎಂದರು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಕಥೆ ಹೇಳಿದೆ. 2006ರಲ್ಲಿ ಕೀ ಹುಟ್ಟಿಸುವ ಅದರ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಒಂದೆರಡು ಸಾಲು ತೆಗೆದರು. ಕೀಗಳು ಪ್ರಾಸೆಸ್ ಸಂಖ್ಯೆ (ಓಡುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಸಂಖ್ಯೆ) ಒಂದನ್ನೇ ನೆಚ್ಚಿಕೊಂಡು, ಒಂದು ಬಗೆಯ ಯಂತ್ರದಲ್ಲಿ ಒಂದು ಉದ್ದದ ಕೀಗೆ ಸುಮಾರು 32 ಸಾವಿರಕ್ಕೆ ಇಳಿದವು. ಗೊತ್ತಾಗಿದ್ದು 2008ರಲ್ಲಿ. ಅಲ್ಲಿಯೂ ಕೀ ಉದ್ದವಾಗಿಯೇ ಇತ್ತು.

ಆ ಲೈಬ್ರರಿ ಬಿಟ್ಟೆ. ಈಗ ಪ್ರತಿ ಫೋನಿನಲ್ಲೂ ಊಹಿಸಲಾಗದ ಸಂಖ್ಯೆ ಕೊಡುವ ಸೆಕ್ಯೂರ್‌ರ್‍ಯಾಂಡಮ್‌ನಿಂದ 32 ಬೈಟ್ (256 ಬಿಟ್) ತೆಗೆದು ಕೀ ಮಾಡುತ್ತೇನೆ, ನನ್ನ ಕಡೆಯಿಂದ ಸೀಡ್ (ಶುರುವಿನ ಸಂಖ್ಯೆ) ಕೊಡುವುದಿಲ್ಲ. ಆ ಕೀಗೆ ಫೋನಿನೊಳಗೇ ಕೀ ಕಾಯುವ ಆಂಡ್ರಾಯ್ಡ್ ಕೀಸ್ಟೋರ್‌ನ ಬೀಗ. ಬ್ಯಾಕಪ್‌ಗೆ ಸಂಘದ ಪಬ್ಲಿಕ್ ಕೀ: ಅದರಿಂದ ಮುಚ್ಚಬಹುದು, ತೆರೆಯಲಾಗದು. ತೆರೆಯುವುದು ಕಚೇರಿಯಲ್ಲಿ ಮಾತ್ರ. ಪಿನ್ ಪರದೆಯ ಬೀಗಕ್ಕಷ್ಟೇ. ಪಿಬಿಕೆಡಿಎಫ್2 (ಪಿನ್ನನ್ನು ಮತ್ತೆ ಮತ್ತೆ ಕಲಸಿ ಕೀ ಮಾಡುವ ವಿಧಾನ) ಹಾಕಿ ಪಿನ್ನನ್ನೇ ಉಳಿಸಿಕೊಳ್ಳಿ ಎಂದ ಗೆಳೆಯರ ಮಾತು ಒಪ್ಪಲಿಲ್ಲ: ಒಂದೊಂದು ಊಹೆ ನಿಧಾನವಾದೀತು, ಊಹಿಸಬೇಕಾದ್ದು ಅದೇ 10,000. ಮುಖ್ಯವಾಗಿ, ಕೀ ಹುಟ್ಟದಿದ್ದರೆ ಆ್ಯಪ್ ಅಲ್ಲಿಗೇ ನಿಲ್ಲುತ್ತದೆ.

ಕೋಡ್ ಎರಡು ದಿನದ ಕೆಲಸ. ಹಳೆಯ ಬ್ಯಾಕಪ್‌ಗಳ ಹಿಂದೆ ಮೂರು ವಾರ ಅಲೆದೆ. ಗುಬ್ಬಿ, ತಿಪಟೂರು, ಶಿರಾ, ಎಲ್ಲ ಕಡೆ ಏಜೆಂಟರು ಅವನ್ನು ವಾಟ್ಸಾಪ್‌ನಲ್ಲಿ ಹಂಚಿಕೊಂಡಿದ್ದರು. ಸಿಕ್ಕಷ್ಟನ್ನು ಅಳಿಸಿಸಿದೆ. ಸಿಗದಿದ್ದವು ಬಯಲಾಗಿವೆ ಎಂದೇ ತಿಳಿದು ಖಾತೆದಾರರಿಗೆ ಹೇಳಿಬಿಡಿ ಎಂದು ಕಾರ್ಯದರ್ಶಿಯವರ ಮುಂದೆ ಕೂತೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಸೋಮವಾರ ಸಂಘದ ನೋಟಿಸ್ ಬೋರ್ಡಿನಲ್ಲಿ ಅವರ ಸಹಿಯ ಪ್ರಕಟಣೆ ಇತ್ತು.